ನಕ್ಷೆ ಗಮನಿಸಿ, ಉತ್ತರಿಸಿ

ಕೆಂಗೇರಿಯಲ್ಲಿ ಸೀಟು ಸಿಕ್ಕಿತು. ತೊಡೆಯ ಮೇಲೆ ಚೀಲ,
ಚೀಲದ ಮೇಲೆ ಒಂಬತ್ತನೇ ಬಿ, ನಲವತ್ತೊಂದು ಉತ್ತರಪತ್ರಿಕೆ.
ಪ್ರಶ್ನೆ ನಾನೇ ಬರೆದದ್ದು, ನಕ್ಷೆ ನಾನೇ ಎಳೆದದ್ದು:
ತಿಂಗಳಿಗೊಂದರಂತೆ ಹನ್ನೆರಡು ನೀಲಿ ಕಂಬ, ಮಳೆಗೆ.
ಅವುಗಳ ನಡುವೆ ತೂರಿ ಹೋಗುವ ಕಪ್ಪು ಗೆರೆ, ಹರಿವಿಗೆ,
ಏರಿ, ಇಳಿದು, ಎಲ್ಲೂ ನೆಲ ಮುಟ್ಟದೆ.
ಮೇ ತಿಂಗಳಲ್ಲೊಂದು ಗುಡ್ಡ, ಸೆಪ್ಟೆಂಬರಿನಲ್ಲಿ ಇನ್ನೊಂದು;
ಒಂಟೆ, ಮಿಸ್, ಎಂದಿದ್ದ ಹಿಂದಿನ ಬೆಂಚಿನ ನವಾಜ್.
ಹೊಳೆಗೆ ಹೆಸರಿಟ್ಟಿರಲಿಲ್ಲ. 'ಒಂದು ನದಿ' ಎಂದಿದ್ದೆ.

ಹಳೆಯ ಮಳೆಗಳಿಗೆ ಈ ಕಂಬಗಳಲ್ಲಿ ಜಾಗವಿಲ್ಲ.
ಚೂರು ಹಸ್ತ ಸೆಪ್ಟೆಂಬರಿಗೆ, ಉಳಿದದ್ದು ಅಕ್ಟೋಬರಿಗೆ,
ನಕ್ಷತ್ರವನ್ನು ಗರಗಸದಲ್ಲಿ ಕೊಯ್ದ ಹಾಗೆ.

ಮಾದರಿ ಉತ್ತರ ನನ್ನ ಬಳಿ ಇದೆ:
ಮಳೆ ಹೆಚ್ಚು, ಸೆಪ್ಟೆಂಬರ್. ಹರಿವು ಹೆಚ್ಚು, ಅಕ್ಟೋಬರ್.
ತಡ ಯಾಕೆ? ಮೊದಲು ಮಣ್ಣು ಕುಡಿಯುತ್ತದೆ, ಆಮೇಲೆ ಬೇರು,
ಆಮೇಲೆ ಕೆರೆ ತುಂಬಿ, ಕೋಡಿ ಬಿದ್ದು, ಮಿಕ್ಕದ್ದು ಹೊಳೆಗೆ.
ಪಂಕ್ತಿಯಲ್ಲಿ ಹೊಳೆಗೆ ಕೊನೆಯ ಎಲೆ.
ಇಷ್ಟು ಬರೆದರೆ ಎರಡು ಅಂಕ.
ಮಳೆಯಿಲ್ಲದ ಫೆಬ್ರವರಿಯಲ್ಲೂ ಹರಿಯುವುದೇಕೆ?
ಅಂತರ್ಜಲ ಒಸರುವುದರಿಂದ. ಎರಡು.

ಪಟ್ಟಣಗೆರೆ. ಬಾಗಿಲು ತೆರೆದು ಮುಚ್ಚಿತು.
ಹದಿನೇಳು ಮಕ್ಕಳು ಮಣ್ಣಿಗೆ ನೀರು ಕುಡಿಸಿದರು,
ಒಂದೇ ವಾಕ್ಯದಲ್ಲಿ, ಒಂದೇ ಕಾಗುಣಿತದ ತಪ್ಪಿನಲ್ಲಿ.
ಟಿಕ್, ಟಿಕ್, ಟಿಕ್.

ಹದಿನೆಂಟನೆಯದು ಸಗಾಯ ಮೇರಿ.
'ಒಳೆ' ಎಂದು ಬರೆಯುತ್ತಾಳೆ. ವರ್ಷವಿಡೀ ತಿದ್ದಿದ್ದೇನೆ.

'ಮಿಸ್, ತಡ ಆಗಲ್ಲ. ಮಳೆ ಬಂತು ಅಂತ ಅಮ್ಮ
ಬಟ್ಟೆ ಎತ್ತಿಕೊಂಡು ಬರೋದ್ರಲ್ಲಿ ಒಳೆ ಮನೆ ಒಳಗೇ ಇರತ್ತೆ.
ಮಣ್ಣು ನಮ್ಮ ರಸ್ತೇಲಿ ತುಳಸಿ ಕುಂಡದಲ್ಲಿ ಮಾತ್ರ ಇದೆ,
ಅದು ಒಂದು ಲೋಟ ಕುಡಿಯತ್ತೆ.
ಫೆಬ್ರವರಿಯಲ್ಲಿ ಒಳೆ ಯಾಕಿದೆ ಅಂದ್ರೆ ಎಲ್ರೂ ಸ್ನಾನ ಮಾಡ್ತಾರೆ.
ಅಪ್ಪ ಬಣ್ಣದ ಕಾರ್ಖಾನೆ. ನೂಲು ನೀಲಿ ಇದ್ದ ದಿನ ಒಳೆ ನೀಲಿ.
ನೀರು ನಮ್ಮ ಗೋಡೆ ಮೇಲೆ ಎರಡು ಗೆರೆ ಬಿಟ್ಟಿದೆ.
ಕೆಳಗಿನದು ತಮ್ಮನ ಮೊಣಕಾಲು. ಮೇಲಿನದು ಮೂರು.
ಅಪ್ಪ ಪೆನ್ಸಿಲಲ್ಲಿ ತಾರೀಕು ಹಾಕಿದ್ದಾರೆ.'

ಮೂರು ಏನು? ಅಡಿಯೆ, ಗೇಣೆ, ಇಟ್ಟಿಗೆಯ ಸಾಲೆ?
ಕೆಂಪು ಪೆನ್ನು ರೂಢಿಯ ಪ್ರಕಾರ ತಾನೇ ಅಂಚಿನಲ್ಲಿ ಬರೆಯಿತು:
ಮಾನ ಎಲ್ಲಿ? ಅರ್ಧ ಅಂಕ ಕಡಿತ.

ನಾಯಂಡಹಳ್ಳಿ. ಬಾಗಿಲಿನ ಜೊತೆ ಒಳಗೆ ಬಂದ ವಾಸನೆ
ಎಲ್ಲರಿಗೂ ಗುರುತಿನದು; ಎಲ್ಲರೂ ಫೋನು ನೋಡಿದರು.
ಕೆಳಗೆ ವೃಷಭಾವತಿ, ಹೆಗಲ ತುಂಬ ನೊರೆ.
ಇಂದು ಫೆಬ್ರವರಿ ಹತ್ತೊಂಬತ್ತು.
ಕಂಬ ಸೊನ್ನೆ. ಗೆರೆ ಓಡುತ್ತಿದೆ.

ನನ್ನದೂ ಇದೆ ಅದರಲ್ಲಿ: ಬೆಳಿಗ್ಗೆ ಆರರ ಎರಡು ಬಕೆಟ್,
ಅಕ್ಕಿ ತೊಳೆದದ್ದು, ತಿಂಡಿಯ ತಟ್ಟೆ, ಸೀಮೆಸುಣ್ಣದ ಕೈ.
ಕಾವೇರಿಯನ್ನು ಪಂಪಿನಿಂದ ದಬ್ಬಿ ಗುಡ್ಡ ಹತ್ತಿಸಿ ತಂದ ನೀರು.
ಕೊಡಗಿನ ಯಾವ ಇಳಿಜಾರಿನಲ್ಲಿ, ಯಾವ ಜುಲೈಯಲ್ಲಿ ಬಿದ್ದಿತ್ತೋ,
ಆ ಕಂಬವನ್ನು ಯಾರ ನಕ್ಷೆಯಲ್ಲಿ ನಿಲ್ಲಿಸಲಿ?
ಈಗ ಅರ್ಕಾವತಿಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಕಾವೇರಿಗೆ,
ತಂದ ಸಾಲವನ್ನು ಹರಿದ ನೋಟಿನಲ್ಲಿ ತೀರಿಸುವ ಹಾಗೆ.

ತಡ ಇದೆ, ಮೇರಿ.
ಜುಲೈಯಿಂದ ಫೆಬ್ರವರಿಯವರೆಗೆ,
ಆ ಇಳಿಜಾರಿನಿಂದ ನಿಮ್ಮ ಹೊಸ್ತಿಲಿನವರೆಗೆ.
ನಡುವೆ ಕುಡಿದವರು ನಾವು.

ನಾಲ್ಕಕ್ಕೆ ನಾಲ್ಕು ಹಾಕಿದೆ. ಕಡಿತ ಹೊಡೆದುಹಾಕಿದೆ.
ಒಳೆಗೆ ಈ ಸಲ ಹ ಸೇರಿಸಲಿಲ್ಲ.
ಅಂಚಿನ ಆ ಎರಡು ಪದ ಮಾತ್ರ ಹಾಗೇ ಇವೆ.
ಉಗುರಿನಲ್ಲಿ ಕೆರೆದರೆ ಕಾಗದ ಸವೆಯುತ್ತದೆ, ಕೆಂಪು ಹೋಗುವುದಿಲ್ಲ.
ನಾಳೆ ಮನೆಗೆ ಒಯ್ಯುತ್ತಾಳೆ. ಸಹಿ ಹಾಕುವ ಮೊದಲು
ಏನು ಬರೆದಿದ್ದಾರೆ ಓದು ಎನ್ನುತ್ತಾನೆ ಅಪ್ಪ, ನೀಲಿ ಬೆರಳಿನವನು.
ಗೋಡೆಯ ಪಕ್ಕ ನಿಂತು ಓದುತ್ತಾಳೆ.

ದೀಪಾಂಜಲಿ ನಗರ.
ಇನ್ನೂ ಇಪ್ಪತ್ತಮೂರು ಪತ್ರಿಕೆ ಇವೆ.